ಬಲದ ಪಟ್ಟಿ

2024ರ ಯುಗಾದಿಗೆ ನಾವೆಲ್ಲ ಸಂಶಿಯ ಮನೆಯಲ್ಲಿ ಕೂಡಿದ್ದೆವು. ಹುಬ್ಬಳ್ಳಿಯಿಂದ ಹಾವೇರಿಯ ಕಡೆ ಹೊರಟ ರೈಲು ಕುಂದಗೋಳ ಬಿಟ್ಟಿತೆಂದರೆ ಮುಂದಿನದೇ ನಮ್ಮೂರ ಸ್ಟೇಶನ್ನು. ಬೆಂಗಳೂರಿನಿಂದ ಬಂದ ಮಗಳು, ಮೊಮ್ಮಗಳು ಹುಬ್ಬಳ್ಳಿಯಲ್ಲಿ ನನ್ನನ್ನೂ ಜೊತೆ ಮಾಡಿಕೊಂಡಿದ್ದರು. ಇಳಿಯುವಾಗ ನೋಡುತ್ತೇನೆ, ಮೊಮ್ಮಗಳ ಬೆನ್ನ ಮೇಲೆ ಅವಳಿಗಿಂತ ದಪ್ಪನೆಯ ಚೀಲ. ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಹುಡುಗಿ ಇಷ್ಟು ಪುಸ್ತಕ ಯಾಕೆ ಹೊತ್ತು ತಂದಳೋ ಎಂದುಕೊಂಡು ಕೇಳಿದೆ. "ಪುಸ್ತಕ ಅಲ್ಲ ಅಜ್ಜಿ, ಪ್ಲೇಸ್ಟೇಷನ್ ಫೈವ್. ಅದರಲ್ಲಿ ಟೆಕ್ಕನ್ ಏಯ್ಟ್ ಇದೆ" ಎಂದಳು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಹೆಸರಿನ ಜೊತೆಗೊಂದು ಅಂಕಿ ಇದ್ದರೆ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಇಮ್ಮಡಿ ಪುಲಿಕೇಶಿ, ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯ. ಎಂಟನೇ ಟೆಕ್ಕನ್ ಎಂದ ಮೇಲೆ ಇದಕ್ಕೂ ಒಂದು ವಂಶಾವಳಿ ಇರಲೇಬೇಕಲ್ಲ! ಮನೆ ಮುಟ್ಟುವಷ್ಟರಲ್ಲಿ ಅರ್ಧ ಇತಿಹಾಸ ಕೇಳಿ ಮುಗಿಸಿದ್ದೆ. ಟೆಕ್ಕನ್ ಎಂದರೆ ಜಪಾನೀ ಭಾಷೆಯಲ್ಲಿ ಕಬ್ಬಿಣದ ಮುಷ್ಟಿ. ನಾಮ್ಕೊ ಎಂಬ ಕಂಪನಿ ಮೊದಲನೆಯದನ್ನು 1994ರಲ್ಲಿ ಹೊರತಂದಿತು, ಆಗ ಅದು ನಾಣ್ಯ ಹಾಕಿ ಆಡುವ ಅಂಗಡಿಯ ಆಟ. ಮುಂದಿನ ವರ್ಷ ಮನೆಯ ಟಿ.ವಿ.ಗೆ ಬಂತು. ಎಂಟನೆಯದು ಅಂಗಡಿಯ ಹಾದಿ ಬಿಟ್ಟು, 2024ರ ಜನವರಿ 26ರಂದು ನೇರವಾಗಿ ಮನೆಗಳಿಗೇ ಬಂದದ್ದು. ಅಂದರೆ ನಾನು ನೋಡಿದಾಗ ಅದಕ್ಕೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಪಡಸಾಲೆಯ ಟಿ.ವಿ.ಗೆ ತಂತಿ ಸಿಕ್ಕಿಸಿದ್ದಾಯಿತು. ಅಣ್ಣನ ಮೊಮ್ಮಗ ಒಂದು ಕಂಟ್ರೋಲರು ಹಿಡಿದ, ಇವಳು ಇನ್ನೊಂದು. ಎಪ್ಪತ್ತೇಳರ ಅಣ್ಣ ಕಂಬಕ್ಕೆ ಒರಗಿ ಕುಳಿತ. ವೈನಿ ಹೋಳಿಗೆಯ ಕಣಕ ನಾದುತ್ತ ಅಡಿಗೆಮನೆಯ ಬಾಗಿಲಲ್ಲಿಯೇ ಕೂತರು.

ನನಗೆ ಮೊದಲು ತಟ್ಟಿದ್ದು ಸದ್ದು. ಒಬ್ಬರ ಮುಷ್ಟಿ ಇನ್ನೊಬ್ಬರಿಗೆ ತಾಗಿದಾಗ ಕೆಂಪು, ನೀಲಿ ಬೆಂಕಿ ಹೂವಿನಂತೆ ಅರಳುತ್ತದೆ, ದೀಪಾವಳಿಯ ಕುಂಡವನ್ನು ಮುಖದ ಹತ್ತಿರ ಹಚ್ಚಿದ ಹಾಗೆ. ಐದು ನಿಮಿಷದಲ್ಲಿ ತಲೆನೋವು ಬಂತು. ಆಮೇಲೆ ಕಣ್ಣು ಪಳಗಿತು. ಒಂದು ಸುತ್ತಿಗೆ ಅರವತ್ತು ಸೆಕೆಂಡು, ಮೂರು ಸುತ್ತು ಮೊದಲು ಗೆದ್ದವರು ಗೆದ್ದಂತೆ. ಕಂಟ್ರೋಲರಿನ ಬಲಗಡೆ ನಾಲ್ಕು ಗುಂಡಿಗಳಿವೆ: ಒಂದು ಎಡಗೈ, ಒಂದು ಬಲಗೈ, ಒಂದು ಎಡಗಾಲು, ಒಂದು ಬಲಗಾಲು. ಇದು ನನಗೆ ಬಹಳ ಮೆಚ್ಚಿಗೆಯಾಯಿತು. ನಮ್ಮ ದೇಹವೂ ಇಷ್ಟೇ ತಾನೇ? ರೊಟ್ಟಿ ಬಡಿಯುವಾಗ ಎಡಗೈ ತಿರುಗಿಸಬೇಕು, ಬಲಗೈ ಬಡಿಯಬೇಕು. ಎರಡರ ತಾಳ ತಪ್ಪಿದರೆ ರೊಟ್ಟಿ ಹರಿಯುತ್ತದೆ. ಮಕ್ಕಳ ಬೆರಳುಗಳು ಆ ಗುಂಡಿಗಳ ಮೇಲೆ ಓಡುವುದನ್ನು ಕಂಡಾಗ ನನಗೆ ಕಂಡದ್ದು ರೊಟ್ಟಿಯ ತಾಳವೇ. ನನ್ನಂಥ ಹೊಸಬರಿಗೆಂದು ಒಂದು ಸುಲಭದ ಕ್ರಮವನ್ನೂ ಇದರಲ್ಲಿ ಇಟ್ಟಿದ್ದಾರೆ. ಅದನ್ನು ಆರಿಸಿಕೊಂಡರೆ ಒಂದೇ ಗುಂಡಿ ಒತ್ತುತ್ತಿದ್ದರೂ ಪರದೆಯ ಮೇಲಿನವರು ದೊಡ್ಡ ದೊಡ್ಡ ಪಟ್ಟು ಹಾಕುತ್ತಾರೆ. "ಅದು ಮೋಸ" ಎಂದು ಅಣ್ಣನ ಮೊಮ್ಮಗನ ಅಭಿಪ್ರಾಯ.

ಕಥೆಯೂ ಇದೆ. ಮೊದಲ ದೃಶ್ಯವೇ ನ್ಯೂಯಾರ್ಕಿನ ನಡುಬೀದಿಯಲ್ಲಿ ಅಪ್ಪ ಮಗನ ಕಾಳಗ. ಅಜ್ಜ ಹೈಹಾಚಿ ತನ್ನ ಐದು ವರ್ಷದ ಮಗ ಕಜುಯಾನನ್ನು ಬೆಟ್ಟದ ಮೇಲಿಂದ ಎಸೆದಿದ್ದನಂತೆ. ಮಗ ದೊಡ್ಡವನಾಗಿ ಅಪ್ಪನನ್ನು ಎಸೆದ. ಈಗ ಆ ಕಜುಯಾನಿಗೂ ಅವನ ಮಗ ಜಿನ್‌ಗೂ ಬಿದ್ದಿದೆ. ಇದನ್ನು ಕೇಳಿ ಅಣ್ಣ ತಟ್ಟನೆ, "ಇದು ಬಭ್ರುವಾಹನ ಕಾಳಗ ಅಲ್ಲೇನಲೇ" ಅಂದ. ಸರಿಯಾಗಿಯೇ ಹೇಳಿದ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಬಯಲಾಟಕ್ಕೆ ಇಳಿದ ಕಥೆ. 1977ರ ಸಿನಿಮಾದಲ್ಲಿ ಅಪ್ಪನೂ ಮಗನೂ ಎರಡೂ ರಾಜಕುಮಾರರೇ. ಅಲ್ಲಿ ನಡುವೆ ನಿಂತು ಬೇಯುವವಳು ಚಿತ್ರಾಂಗದೆ. ಇಲ್ಲಿ ಅವಳ ಹೆಸರು ಜುನ್. 1995ರ ಎರಡನೇ ಟೆಕ್ಕನ್ನಿನಲ್ಲಿ ಬಂದವಳು. ಮಗನನ್ನು ಯಾಕುಶಿಮಾ ದ್ವೀಪದ ಕಾಡಿನಲ್ಲಿ ಒಬ್ಬಳೇ ಬೆಳೆಸಿ, ಮೂರನೆಯದರಲ್ಲಿ ಕಾಣೆಯಾದಳು. ಕಥೆಯ ಲೆಕ್ಕದಲ್ಲಿ ಇಷ್ಟು ವರ್ಷ ಎಲ್ಲರೂ ಅವಳು ಸತ್ತಳೆಂದೇ ತಿಳಿದಿದ್ದರಂತೆ. ಎಂಟನೆಯದರಲ್ಲಿ ಮರಳಿ ಬಂದಿದ್ದಾಳೆ. ಮೊಮ್ಮಗಳು ಆರಿಸಿಕೊಂಡದ್ದು ಅವಳನ್ನೇ. ಕೊಂಬು, ರೆಕ್ಕೆ ಮೂಡಿಸಿಕೊಂಡು ಕಣ್ಣಿನಿಂದ ಬೆಂಕಿ ಉಗುಳುವ ಅಪ್ಪ ಮಗನ ಅಬ್ಬರ ನನಗೆ ಸಾಕಾಯಿತು. ಈಕೆ ಮಾತ್ರ ಬಿಳಿಯ ಉಡುಪಿನಲ್ಲಿ, ತುಳಸಿ ಪೂಜೆಗೆ ಹೊರಟವಳ ಹಾಗೆ ಶಾಂತವಾಗಿ ಬಂದು ನಿಂತಳು.

ಇನ್ನೊಬ್ಬ ಬಂದ, ಚಿರತೆಯ ಮುಖವಾಡದವನು. ಅವನನ್ನು ಕಂಡದ್ದೇ ಅಣ್ಣನ ಬೆನ್ನು ಕಂಬ ಬಿಟ್ಟಿತು. "ಉಳದಾವರೆಲ್ಲ ಬರೇ ಹಾರ್ಯಾಡತಾರ. ಇಂವ ನೋಡು ಪೈಲ್ವಾನ. ಸೊಂಟಕ್ಕ ಕೈ ಹಾಕ್ಯಾನ, ಈಗ ಎತ್ತತಾನ" ಎಂದ. ಎತ್ತಿಯೇ ಬಿಟ್ಟ! ಮಕ್ಕಳು ಬೆರಗಾಗಿ ಹಿಂತಿರುಗಿ ನೋಡಿದರು. ಈ ಅಜ್ಜ ಒಂದು ಕಾಲದಲ್ಲಿ ಬೆಳ್ಳಿಯ ಕಡಗ ಗೆದ್ದ ಪೈಲ್ವಾನನೆಂದು ಅವರಿಗೆ ಯಾರು ಹೇಳಿದ್ದರು?

ಎರೆಹೊಲದ ನಮ್ಮೂರಿಗೆ ಗರಡಿ ಮನೆಯ ಕೆಮ್ಮಣ್ಣು ಹೊರಗಿನಿಂದ ಗಾಡಿಯಲ್ಲಿ ಬರುತ್ತಿತ್ತು. ಅದಕ್ಕೆ ಅರಿಷಿಣ, ಎಣ್ಣೆ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡುತ್ತಿದ್ದರು. ಒಳಗೆ ಹನುಮಪ್ಪ. ಹೆಣ್ಣುಮಕ್ಕಳು ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಆ ಮಣ್ಣಿನ ವಾಸನೆ ನನಗೆ ಗೊತ್ತಾದದ್ದು ಅಣ್ಣನ ಮೈಯಿಂದ, ಅವನ ಲಂಗೋಟಿ ಒಗೆಯುವಾಗ. 1963ರ ಸುಮಾರು, ಅವನಿಗೆ ಹದಿನಾರು, ನನಗೆ ಹತ್ತು. ನಸುಕಿನಲ್ಲಿ ಸಾಮು ಮಾಡಿ ಅವನು ಮನೆಗೆ ಬರುವ ಹೊತ್ತಿಗೆ ಅವ್ವ ದೊಡ್ಡ ಲೋಟದ ತುಂಬ ಹಾಲು, ಮೇಲೊಂದು ಚಮಚೆ ತುಪ್ಪ, ಹನ್ನೆರಡು ನೆನೆಸಿದ ಬದಾಮಿ ಇಡುತ್ತಿದ್ದಳು. ಬದಾಮಿಯ ಸಿಪ್ಪೆ ಸುಲಿಯುವುದು ನನ್ನ ಕೆಲಸ. ಆದ್ದರಿಂದಲೇ ಹನ್ನೆರಡೆಂಬ ಲೆಕ್ಕ ಇವತ್ತಿಗೂ ನೆನಪಿದೆ. ಒಂದು ದಿನ ತಟ್ಟೆಯಲ್ಲಿ ಹನ್ನೊಂದಿದ್ದವು. ಅವ್ವ ಬಯ್ಯಲಿಲ್ಲ, ಹೊಡೆಯಲಿಲ್ಲ. "ಹೆಣ್ಣಮಕ್ಕಳ ಮೈಗೆ ಅಷ್ಟು ಬಲ ಯಾಕ ಬೇಕವಾ" ಎಂದಳು, ಅಷ್ಟೆ. ನನ್ನ ಪಾಲಿಗೆ ರೊಟ್ಟಿ, ಪಲ್ಯ, ಮಜ್ಜಿಗೆ. ಅವ್ವ ತಾನು ಹಾಲು ಕುಡಿದದ್ದನ್ನಂತೂ ನಾನು ಕಂಡೇ ಇಲ್ಲ.

ಪೈಲ್ವಾನರಿಗೆ ಏನು ತಿನ್ನಿಸಬೇಕೆಂಬುದು ನಮ್ಮ ನಾಡಿನಲ್ಲಿ ಹಳೆಯ ಚಿಂತೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರ ದರ್ಜೆಗಳು, ಅವರ ಸಾಧನೆ, ಅವರ ಊಟ ಎಲ್ಲವನ್ನೂ ಹೇಳಿದ್ದಾರೆ. ಪಾಠ ಹೇಳುವಾಗ ಅದನ್ನು ಓದಿದವಳು ನಾನು. ಒಂದು ಸಲವೂ ನನ್ನ ಹನ್ನೆರಡು ಬದಾಮಿ ನೆನಪಾಗಿರಲಿಲ್ಲ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ 1535ರ ಸುಮಾರಿನ ಅರಮನೆಯ ಬಗ್ಗೆ ಬರೆಯುತ್ತ, ಅಲ್ಲಿ ಲೆಕ್ಕಪತ್ರ ಬರೆಯುವ ಹೆಂಗಸರಿದ್ದರು, ಜ್ಯೋತಿಷ ಹೇಳುವವರಿದ್ದರು, ಕುಸ್ತಿ ಹಿಡಿಯುವ ಹೆಂಗಸರೂ ಇದ್ದರು ಎನ್ನುತ್ತಾನೆ. ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ ಪುಣ್ಯಾತ್ಮ. ಅವರಿಗೆ ಬದಾಮಿ ಯಾರು ಸುಲಿದು ಕೊಡುತ್ತಿದ್ದರೋ! ಆ ಒಂದು ಸಾಲಿನಿಂದ ಹೊರಟ ಹಾದಿ ಬಹಳ ದೂರದ್ದು. ಒಲಿಂಪಿಕ್ಸಿಗೆ ಹೆಂಗಸರ ಕುಸ್ತಿ ಸೇರಿದ್ದು 2004ರಲ್ಲಿ. ಸಾಕ್ಷಿ ಮಲಿಕ್ ಪದಕ ತಂದದ್ದು 2016ರಲ್ಲಿ. ನಮ್ಮ ನೆರೆಯ ಗದಗು, ಹಳಿಯಾಳದ ಹುಡುಗಿಯರೂ ರಾಷ್ಟ್ರಮಟ್ಟದಲ್ಲಿ ಗೆದ್ದು ಬಂದಿದ್ದಾರೆ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಪರದೆಯ ಮೇಲ್ಗಡೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಪಟ್ಟಿ ಇರುತ್ತದೆ. ಅದು ಆಡುವವರ ಬಲ. ಪೆಟ್ಟು ಬಿದ್ದ ಹಾಗೆ ಸವೆಯುತ್ತ ಹೋಗಿ, ಮುಗಿದರೆ ಸೋತಂತೆ. ನಾನು ಮೊದಲು ಗಮನಿಸಿದ್ದೇ ಅದನ್ನು. ಚಿರತೆ ಮುಖದ ಆ ದೈತ್ಯನಿಗೂ, ಕಡ್ಡಿಯಂಥ ಜುನ್‌ಗೂ ಪಟ್ಟಿ ಒಂದೇ ಉದ್ದ. "ಎಲ್ಲರಿಗೂ ಸಮನೇನೇ?" ಎಂದು ಕೇಳಿದೆ. ಅದಕ್ಕೆ ಮೊಮ್ಮಗಳು ಹೇಳಿದ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು.

ಈ ಜಾತಿಯ ಆಟಗಳಿಗೆಲ್ಲ ದಾರಿ ಹಾಕಿದ್ದು ಸ್ಟ್ರೀಟ್ ಫೈಟರ್. ಕ್ಯಾಪ್‌ಕಾಂ ಎಂಬ ಇನ್ನೊಂದು ಜಪಾನೀ ಕಂಪನಿಯದು. 1987ರ ಮೊದಲನೆಯದು ಅಷ್ಟು ಹೆಸರಾಗಲಿಲ್ಲ, 1991ರ ಎರಡನೆಯದು ಜಗತ್ತನ್ನೇ ಹಿಡಿಯಿತು. ಮೊದಲ ಕೂಸು ಸೊರಗಿ ಎರಡನೆಯದು ಹುರುಪಾಗುವುದು ಮನೆಗಳಲ್ಲೂ ಉಂಟು. ಅದರಲ್ಲಿ ನಾವು ಆರಿಸಿಕೊಳ್ಳಬಹುದಾದ ಎಂಟು ಜನರಲ್ಲಿ ಒಬ್ಬ ನಮ್ಮ ದೇಶದವನು, ಧಾಲ್ಸಿಮ್. ಯೋಗ ಮಾಡಿ ಕೈಕಾಲು ಮಾರುದ್ದ ಚಾಚುತ್ತಾನೆ, ಕೊರಳಲ್ಲಿ ಬುರುಡೆಯ ಸರ. ನಮ್ಮನ್ನು ಹೊರಗಿನವರು ಹೇಗೆ ಕಂಡಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಬ್ಬಳೇ ಒಬ್ಬಳು ಹೆಂಗಸು, ಚೀನಾದ ಚುನ್ ಲೀ. ಆಕೆಯನ್ನು ರೂಪಿಸುವಾಗ ಮಾಡುವವರಲ್ಲೇ ಚರ್ಚೆಯಾಯಿತಂತೆ: ಹೆಂಗಸಿಗೆ ಬಲ ಕಡಿಮೆ, ಅದಕ್ಕೆ ಇವಳ ಪಟ್ಟಿ ಸ್ವಲ್ಪ ಗಿಡ್ಡ ಇರಲಿ ಎಂದು ಒಬ್ಬರು. ಇನ್ನೊಬ್ಬರು ಒಪ್ಪಲಿಲ್ಲ. ಒಪ್ಪದವರ ಮಾತೇ ನಡೆಯಿತು.

ಜಪಾನಿನ ಯಾವುದೋ ಕಚೇರಿಯಲ್ಲಿ ಕುಳಿತವರು ಹೇಳಿದ್ದು, ನಮ್ಮವ್ವ ಅಡಿಗೆಮನೆಯಲ್ಲಿ ಹೇಳಿದ್ದು ಒಂದೇ ಮಾತು. ಅಲ್ಲಿ ಬೇಡ ಎನ್ನಲು ಒಬ್ಬರಿದ್ದರು.

ಟೆಕ್ಕನ್ನಿನ ಮೊದಲನೆಯದರಲ್ಲಿ ಎಂಟಕ್ಕೆ ಇಬ್ಬರು ಹೆಂಗಸರು. ಎಂಟನೆಯದು ಹೊರಬಂದಾಗ ಮೂವತ್ತೆರಡು ಜನ, ಅದರಲ್ಲಿ ಹೆಂಗಸರು ಒಂಬತ್ತೋ ಹತ್ತೋ. ಲೆಕ್ಕ ಗಟ್ಟಿಯಾಗಿ ಹೇಳಲಾರೆ, ಯಾಕೆಂದರೆ ಒಬ್ಬರು ಹೆಣ್ಣೋ ಗಂಡೋ ಎಂಬುದೇ ಆಡುವವರಲ್ಲಿ ವಾದ. ಒಂದು ಕರಡಿಯೂ ಇದೆ, ಜಾಂಬವಂತನ ವಂಶದ್ದಿರಬೇಕು.

ರಕ್ತದ ವಿಚಾರ ತಾಯಂದಿರು ಕೇಳಿಯೇ ಕೇಳುತ್ತೀರಿ. ಟೆಕ್ಕನ್ನಿನ ಹೊಡೆದಾಟದಲ್ಲಿ ಅದರ ಪ್ರದರ್ಶನವಿಲ್ಲ. ಹೊಡೆತಕ್ಕೆ ಬೆಂಕಿ ಹಾರುತ್ತದೆ, ಬಿದ್ದವರು ಮುಂದಿನ ಸುತ್ತಿಗೆ ಏಳುತ್ತಾರೆ. 1992ರಲ್ಲಿ ಬಂದ ಅಮೆರಿಕದ ಮಾರ್ಟಲ್ ಕೊಂಬ್ಯಾಟ್ ಹಾಗಲ್ಲ. ಅದರ ರಕ್ತಪಾತ ಕಂಡು ಅಲ್ಲಿಯ ಸೆನೆಟ್ಟಿನಲ್ಲಿ 1993ರ ಡಿಸೆಂಬರಿನಲ್ಲಿ ವಿಚಾರಣೆಯೇ ನಡೆಯಿತು. 1994ರಿಂದ ಡಬ್ಬಿಗಳ ಮೇಲೆ ಯಾವ ವಯಸ್ಸಿನವರಿಗೆ ಎಂಬ ಗುರುತು ಬರತೊಡಗಿತು. ಕೊಡಿಸುವ ಮುಂಚೆ ಅದನ್ನು ನೋಡಿಕೊಳ್ಳಿ. "ಇದೂ ಒಂದು ಆಟ ಅಂತಾರೇನು" ಎಂದು ವೈನಿ ಕಣಕ ಬಿಟ್ಟು ಕೇಳಿದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ ಐದಕ್ಕೆ ಪದಕವಿತ್ತು, ನಮ್ಮ ದೇಶದಿಂದಲೂ ಆಡಲು ಹೋಗಿದ್ದರು ಎಂದು ಮೊಮ್ಮಗಳು ಹೇಳಿದರೆ ಅವರು ನಂಬಲಿಲ್ಲ.

ಸ್ಟ್ರೀಟ್ ಫೈಟರ್ ನನ್ನ ಮನೆಯೊಳಗೂ ಬಂದಿತ್ತು. ಹುಬ್ಬಳ್ಳಿಯಲ್ಲಿ, 1994ರಲ್ಲಿ. ನಿಜವಾದದ್ದಲ್ಲ, ನಕಲು. ಆಗ ಟಿ.ವಿ. ಗೇಮ್ ಎಂದು ಅಂಗಡಿಗಳಲ್ಲಿ ಸಿಗುತ್ತಿದ್ದವು, ಜಪಾನಿನ ಯಂತ್ರದ ಅಗ್ಗದ ನಕಲುಗಳು. ಹಳದಿಯದೋ ಕೆಂಪಿನದೋ ಒಂದು ಡಬ್ಬಿಯನ್ನು ಮೇಲಿನಿಂದ ಸಿಕ್ಕಿಸಬೇಕು; ಅದಕ್ಕೆ ನಾವೆಲ್ಲ ಕ್ಯಾಸೆಟ್ ಎನ್ನುತ್ತಿದ್ದೆವು. ಹಿಡಿಯಲು ತಂತಿಯ ಜೊತೆ ಎರಡು ರಿಮೋಟು. ಮಗನಿಗೆ ಹದಿಮೂರು, ಮಗಳಿಗೆ ಹತ್ತು. ಇಬ್ಬರಿಗೂ ಎಂದೇ ತಂದದ್ದು. ಪರೀಕ್ಷೆ ಬಂತೆಂದರೆ ಅದರ ವಾಯರನ್ನು ಜೋಳದ ಡಬ್ಬಿಯಲ್ಲಿ ಹುಗಿದಿಡುತ್ತಿದ್ದೆ, ಆ ಕಥೆ ಬೇರೆ.

ಮಗ ತಂಗಿಗೆ ಎರಡನೇ ರಿಮೋಟು ಕೊಡುತ್ತಿದ್ದ. ಹಿಂದಿನಿಂದ ಅದರ ಪಿನ್ನು ಕಿತ್ತಿಟ್ಟಿರುತ್ತಿದ್ದ. ಆಟ ಒಬ್ಬರದೇ, ಎದುರಾಳಿಯನ್ನು ಯಂತ್ರವೇ ಆಡಿಸುತ್ತಿತ್ತು. ಈ ಹುಡುಗಿ ತಾನೇ ಆಡಿಸುತ್ತಿದ್ದೇನೆಂದುಕೊಂಡು ನಾಲಿಗೆ ಕಚ್ಚಿ, ಗುಂಡಿ ಒತ್ತಿ ಒತ್ತಿ ಬೆವರುತ್ತಿದ್ದಳು. ಒಮ್ಮೊಮ್ಮೆ ಯಂತ್ರ ಗೆದ್ದರೆ ಕುಣಿಯುತ್ತಿದ್ದಳು. ನಾನು ನೋಡಿದ್ದೆ. ಕೈಗೆ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿ, ಮಗನ ಚಾಲಾಕಿಗೆ ನಕ್ಕೂ ಇದ್ದೆ. ಜಗಳವಿಲ್ಲದೆ ಸಂಜೆ ಕಳೆಯಿತಲ್ಲ, ಅಷ್ಟು ಸಾಕಾಗಿತ್ತು.

ಹಬ್ಬದ ಹಿಂದಿನ ರಾತ್ರಿ ಸಂಶಿಯಲ್ಲಿ ರೊಟ್ಟಿ ಬಡಿಯುತ್ತ ಈ ಮಾತನ್ನು ತಮಾಷೆಯೆಂದೇ ತೆಗೆದೆ. ಮಗಳು ಒಲೆಯ ಮುಂದಿದ್ದಳು. ತಲೆ ಎತ್ತಲಿಲ್ಲ.

"ನನಗ ಮೂರನೇ ದಿನಕ್ಕ ಗೊತ್ತಾಗಿತ್ತವಾ."

"ಮತ್ತ ಯಾಕ ಸುಮ್ಮನಿದ್ದಿ?"

"ನೀ ನೋಡಿ ನಕ್ಕಿದ್ದಿ. ಮತ್ಯಾರಿಗೆ ಹೇಳಬೇಕಿತ್ತು?"

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಸಿಟ್ಟಿನಿಂದ ಹೇಳಿದ್ದಲ್ಲ. ಇಷ್ಟು ವರ್ಷದಲ್ಲಿ ಅವಳು ಎಂದೂ ಈ ಮಾತು ಎತ್ತಿರಲಿಲ್ಲ. ಅಕ್ಕಪಕ್ಕ ಕೂತು ಇನ್ನೂ ಆರೇಳು ರೊಟ್ಟಿ ಮಾಡಿದೆವು. ನನ್ನ ಎಡಗೈ ಬಲಗೈ ತಾಳ ತಪ್ಪಿ ಎರಡು ಹರಿದವು.

ಹೊರಗೆ ಬಂದು ಮೊಮ್ಮಗಳ ಪಕ್ಕ ಕೂತೆ. "ನನಗೂ ಕಲಿಸು" ಎಂದೆ. "ಸ್ಪೆಷಲ್ ಸ್ಟೈಲ್ ಹಾಕಲಾ?" ಎಂದಳು. ಬೇಡ, ನಾಲ್ಕು ಗುಂಡಿಯೂ ಇರಲಿ ಎಂದೆ. ನನಗೂ ಜುನ್‌ಳನ್ನೇ ಕೊಟ್ಟಳು. ಆಡಿದ ಮೇಲೆ ಗೊತ್ತಾಯಿತು, ಈಕೆಯ ಕೆಲವು ಹೊಡೆತಗಳಿಗೆ ಈಕೆಯದೇ ಬಲ ಖರ್ಚಾಗುತ್ತದೆ. ಹೊಡೆದದ್ದು ಎದುರಿನವನಿಗೆ, ಪಟ್ಟಿ ಸವೆಯುವುದು ತನ್ನದೂ. ಇದನ್ನು ಮಾಡಿದವರ ಮನೆಯಲ್ಲೂ ಒಬ್ಬ ತಾಯಿ ಇದ್ದಿರಬೇಕು. ಆದರೆ ಈ ಎಂಟನೆಯದರಲ್ಲಿ ಒಂದು ಹೊಸ ನಿಯಮವಿದೆ. ಕಳೆದುಹೋದ ಬಲದಲ್ಲಿ ಸ್ವಲ್ಪ ಭಾಗ ಪಟ್ಟಿಯ ಮೇಲೆ ಬೇರೆ ಬಣ್ಣದಲ್ಲಿ ಉಳಿದಿರುತ್ತದೆ. ಮುಂದೆ ನುಗ್ಗಿ ಹೊಡೆದರೆ ಅದು ಮರಳಿ ಸಿಗುತ್ತದೆ, ಹಿಂದೆ ಸರಿದು ಕೂತರೆ ಸಿಗುವುದಿಲ್ಲ. ನಾನು ಹಿಂದೆ ಸರಿದು ಕೂತೇ ಮೂರು ಆಟ ಸೋತೆ. "ಮುಂದ ಹೋಗ ಆಯಿ, ಮುಂದ ಹೋಗ" ಎಂದು ಅಣ್ಣನ ಮೊಮ್ಮಗ ಕೂಗುತ್ತಿದ್ದ.

ಅಣ್ಣನೂ ಹುರುಪಿಗೆ ಬಂದ. "ತಂಗೀ, ಕಾಲು ಕೊಡು, ಕಾಲು ಕೊಡು. ನಿನಗ ಮೊದಲಿಂದಲೂ ಮೈಯಾಗ ಬಲಾ ಇಲ್ಲ."

"ಬಲಾ ಎಲ್ಲಿಂದ ಬರಬೇಕಣ್ಣ. ಹಾಲು ನೀ ಕುಡಿದಿ, ಬದಾಮಿ ನೀ ತಿಂದಿ."

"ಹುಚ್ಚಿ. ಅವ್ವ ನಿನಗೂ ಕೊಡತಿದ್ದಳಲ್ಲ?"

ಅವನ ಮುಖ ನೋಡಿದೆ. ಸುಳ್ಳಾಡುತ್ತಿರಲಿಲ್ಲ. ಅರವತ್ತು ವರ್ಷ ಅವನು ಹಾಗೆಯೇ ತಿಳಿದುಕೊಂಡಿದ್ದ. ಅಡಿಗೆಮನೆಯ ಕಡೆ ಅವನು ಎಂದು ತಿರುಗಿ ನೋಡಿದ್ದ? ಬಾಗಿಲಲ್ಲಿ ಮಗಳು ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ನನಗೆ ಏನು ಹೇಳಲೂ ತೋಚಲಿಲ್ಲ. "ಬಾರವಾ, ನೀ ಆಡು" ಎಂದು ನನ್ನ ಕೈಯಲ್ಲಿದ್ದದ್ದನ್ನು ಅವಳತ್ತ ಚಾಚಿದೆ. ಅವಳು ಬುಟ್ಟಿ ಕೆಳಗಿಟ್ಟು, ಕಂಟ್ರೋಲರನ್ನು ತಿರುಗಿಸಿ ಹಿಂದೆ ಮುಂದೆ ನೋಡಿದಳು. ಈಗಿನವಕ್ಕೆ ತಂತಿ ಇರುವುದಿಲ್ಲ.

ತಾಯಿ ಮಗಳು ಆಡಿದರು. ಎರಡು ಸುತ್ತು ಮೊಮ್ಮಗಳದು, ಎರಡು ಮಗಳದು. ನಲವತ್ತರ ಹೆಂಗಸು ನಾಲಿಗೆ ಕಚ್ಚಿ ಕೂತ ರೀತಿ ನನಗೆ ಪರಿಚಿತವಾಗಿತ್ತು. ಐದನೇ ಸುತ್ತು, ಇಬ್ಬರ ಪಟ್ಟಿಯೂ ಒಂದು ಬೆರಳಿನಷ್ಟು ಉಳಿದಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಮಕ್ಕಳಿಬ್ಬರೂ ಕೂಗಿಕೊಂಡರು. ವೈನಿ ಒಳಗಿನಿಂದ ಕಂದೀಲು ತರುವೆನೆಂದರು.

ಕತ್ತಲಲ್ಲಿ ಅಣ್ಣನ ದನಿ ಬಂತು. ಜಾತ್ರೆಯ ಕಣದಲ್ಲಿ ಪಂಚರು ಕೂಗುತ್ತಿದ್ದ ಠೀವಿಯಲ್ಲೇ ಕೂಗಿದ:

"ಕುಸ್ತಿ ಬರಾಬರೀ! ಜೋಡಿ ಬಿಡ್ರಿ!"